ಮೇಜರನಿಗೆ ಹೇಳಿದ ಮಾತು

ಗ್ರೀನ್‌ಕಾಸಲ್, ಟಿರೋನ್
೧೨ ಸೆಪ್ಟೆಂಬರ್ ೧೯೯೫

ಪ್ರಿಯ ಗ್ರಾನ್ಯಾ ಅಕ್ಕ,

ಅಪ್ಪನ ಮಣ್ಣಿನ ದಿನ ಸ್ಮಶಾನದ ಗೇಟಿನ ಬಳಿ ಕೈ ಕುಲುಕಿ ಹೋದವಳು ನೀನು. ಆಮೇಲೆ ಕ್ರಿಸ್‌ಮಸ್ ಕಾರ್ಡುಗಳ ಹೊರತು ನಮ್ಮಿಬ್ಬರ ನಡುವೆ ಒಂದು ಸಾಲೂ ನಡೆದಿಲ್ಲ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡೊಡನೆ ಅಮ್ಮನಿಗೇನೋ ಆಯಿತೆಂದು ಗಾಬರಿಯಾಗಬೇಡ. ಎಂಬತ್ತು ದಾಟಿದರೂ ಅವಳು ಗಟ್ಟಿಯಾಗಿದ್ದಾಳೆ. ನಾನು ಬರೆಯುತ್ತಿರುವುದು ಒಂದು ಪದದ ಅರ್ಥ ಕೇಳಲು.

ಪದ ‘ಹಶ್ಕೆ’. ಐರಿಷ್ ಪದ. ಚರ್ಚಿನ ಸಭಾಂಗಣದಲ್ಲಿ ಮಂಗಳವಾರ ಸಂಜೆ ನಡೆಯುವ ಐರಿಷ್ ತರಗತಿಗೆ ಸೇರಿದ್ದೇನೆ. ಐವತ್ತು ದಾಟಿದ ಮೇಲೆ ಪಾಟಿ ಹಿಡಿದಳೆಂದು ಶಾಲೆಯ ಅಡುಗೆಮನೆಯಲ್ಲಿ ನನ್ನ ಜೊತೆ ಕೆಲಸ ಮಾಡುವವರು ನಗುತ್ತಾರೆ. ನಿಘಂಟು ಕೊಂಡು ‘ಹ’ ಅಕ್ಷರವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಆ ಪದ ಅಲ್ಲಿಲ್ಲ. ತರಗತಿಯಲ್ಲಿ ಕೇಳಲು ನಾಚಿಕೆ, ಎಲ್ಲಿ ಕೇಳಿದಿರಿ ಎಂದು ಮರುಪ್ರಶ್ನೆ ಬರುತ್ತದೆ. ಅದು ನಮ್ಮ ಅಮ್ಮ ನಾಯಿಯನ್ನು ಕರೆಯುವ ಹೆಸರು.

ನೀನು ಈ ಮನೆಯಲ್ಲಿ ಬೆಳೆದವಳಲ್ಲ, ಆದ್ದರಿಂದ ನಿನಗೆ ಇದು ತಿಳಿಯದಿರಬಹುದು. ಮೂರು ವರ್ಷಕ್ಕೇ ನಿನ್ನನ್ನು ಗ್ವೀಡೋರಿನ ಅಜ್ಜಿಯ ಬಳಿಗೆ, ಮುದುಕಿಗೆ ಜೊತೆಯಿರಲೆಂದು ಕಳಿಸಿದರು. ನೀನು ಅಮ್ಮನ ಊರಿನಲ್ಲಿ, ಅಮ್ಮನ ಭಾಷೆಯಲ್ಲಿ ಬೆಳೆದೆ, ಅದನ್ನೇ ಕಲಿಸುವ ಶಿಕ್ಷಕಿಯಾದೆ. ನಾನು ಇಲ್ಲಿ ಬೆಳೆದೆ. ಅಪ್ಪನಿಗೆ ಐರಿಷ್ ಬಾರದು, ನೆರೆಯವರಿಗೂ ಬಾರದು. ಅಮ್ಮ ನನ್ನೊಡನೆ ಇಂಗ್ಲಿಷ್ ಆಡಿದಳು. ಒಂದೊಂದು ಪದವನ್ನೂ ಸಾಲದಲ್ಲಿ ತಂದವಳಂತೆ ಎಚ್ಚರದಿಂದ ಬಳಸುವ ಇಂಗ್ಲಿಷ್ ಅದು. ನಾಯಿಯೊಡನೆ ಮಾತ್ರ ಐರಿಷ್. ನನಗೆ ನೆನಪಿರುವಷ್ಟು ನಾಯಿಗಳೊಡನೆಯೂ ಹಾಗೆಯೇ. ಚಿಕ್ಕಂದಿನಲ್ಲಿ ಮೇಜಿನ ಕೆಳಗೆ ನಾಯಿಯ ಪಕ್ಕ ಕುಳಿತು ಅದಕ್ಕೆ ಬರುವ ಮಾತನ್ನು ನಾನು ಕದ್ದು ಕೇಳುತ್ತಿದ್ದೆ. ನಾಯಿಯ ಮೇಲೆ ಹೊಟ್ಟೆಕಿಚ್ಚುಪಟ್ಟ ಮಗು ನಾನು. ಈಗಿನ ನಾಯಿಯ ಹೆಸರು ಮೇಜರ್. ಅಪ್ಪ ತಮಾಷೆಗೆ ಇಟ್ಟದ್ದು, ಬ್ರಿಟಿಷ್ ಸೈನ್ಯದ ಮೇಜರ್‌ಗಳೇ ತುಂಬಿದ ಟಿರೋನಿನಲ್ಲಿ ಐರಿಷ್ ತಿಳಿಯುವ ಮೇಜರ್ ಇವನೊಬ್ಬನೇ ಎಂದು.

ಮಣ್ಣಿಗೆ ಮೊದಲು ಅಪ್ಪನ ದೇಹವನ್ನು ಮನೆಯಲ್ಲಿ ಮಲಗಿಸಿದ್ದ ದಿನ ನೀನೂ ಅಮ್ಮನೂ ಹಿಂದಿನ ಕೋಣೆಯಲ್ಲಿ ಐರಿಷಿನಲ್ಲಿ ಮಾತಾಡುತ್ತಿದ್ದಿರಿ. ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ನಾನು ಅಮ್ಮನ ಮುಖ ನೋಡಿದೆ. ಆ ಮುಖವನ್ನು ನಾನು ಹಿಂದೆ ಕಂಡಿರಲಿಲ್ಲ. ನನ್ನನ್ನು ನೋಡಿದೊಡನೆ ಇಬ್ಬರೂ ನಿಲ್ಲಿಸಿದಿರಿ. ಅಮ್ಮ ಹೋಗುವ ಮೊದಲು ಆ ಭಾಷೆಯಲ್ಲಿ ಒಂದು ಮಾತನ್ನು, ನನಗೆಂದೇ, ಅವಳ ಬಾಯಿಂದ ಕೇಳಬೇಕು. ನನ್ನ ಆಸೆ ಇಷ್ಟೇ.

ನಿನ್ನ ತಂಗಿ,
ಡಿಂಪ್ನಾ


ಗ್ವೀಡೋರ್, ಡೊನೆಗಲ್
೨೯ ಸೆಪ್ಟೆಂಬರ್ ೧೯೯೫

ಡಿಂಪ್ನಾ,

ನಮ್ಮ ನಿಘಂಟಿನಲ್ಲಿ ‘ಹ’ ಅಕ್ಷರಕ್ಕೆ ಸಿಕ್ಕಿರುವ ಜಾಗ ಬಹಳ ಕಡಿಮೆ. ಅಲ್ಲಿರುವುದೂ ಹ್ಯಾಟು, ಹೆಲಿಕಾಪ್ಟರುಗಳಂತೆ ಹೊರಗಿನಿಂದ ಬಂದದ್ದು. ನೀನು ಹುಡುಕಬೇಕಾದದ್ದು ‘ತಶ್ಕೆ’. ಕೂಡಿಟ್ಟದ್ದು, ಜೋಪಾನವಾಗಿ ಕಾಪಾಡಿದ್ದು, ನಿಧಿ ಎಂದರ್ಥ. ಬ್ಯಾಂಕಿನವರು ಠೇವಣಿಗೂ ಇದನ್ನೇ ಬಳಸುತ್ತಾರೆ. ಯಾರನ್ನಾದರೂ ಹಾಗೆಂದು ಕರೆಯುವಾಗ ಮೊದಲಕ್ಷರ ಮೆತ್ತಗಾಗಿ ‘ಅ ಹಶ್ಕೆ’ ಆಗುತ್ತದೆ. ಕರೆದಾಗ ಹೆಸರು ರೂಪ ಬದಲಿಸುವುದು ನಮ್ಮ ಭಾಷೆಯ ನಿಯಮ. ನಿಘಂಟಿನಲ್ಲಿರುವುದು ಯಾರನ್ನೂ ಕರೆಯದೆ ಸುಮ್ಮನಿರುವ ಪದ. ನೀನು ಕರೆದದ್ದನ್ನು ಮಾತ್ರ ಕೇಳಿದವಳು, ಆದ್ದರಿಂದ ನಿನಗೆ ಸಿಗಲಿಲ್ಲ.

ಅಜ್ಜಿ ನನ್ನನ್ನು ಹಾಗೆ ಕರೆಯುತ್ತಿದ್ದಳು. ಅಮ್ಮ ಎಂದಾದರೂ ಕರೆದಳೋ ಇಲ್ಲವೋ, ಮೂರು ವರ್ಷದ ಮಗುವಿನ ನೆನಪು ಸಾಕ್ಷಿಗೆ ಬಾರದು.

ಕಲಿಯುವುದಾದರೆ ಕ್ರಮವಾಗಿ ಕಲಿ. ತಿಂಗಳಿಗೊಮ್ಮೆ ಕೆಲವು ವಾಕ್ಯಗಳನ್ನು ಬರೆದು ಕಳಿಸು, ತಿದ್ದಿ ಹಿಂದಿರುಗಿಸುತ್ತೇನೆ. ಆದರೆ ಒಂದು ಎಚ್ಚರಿಕೆ. ಇಬ್ಬರು ಮೊದಲು ಯಾವ ಭಾಷೆಯಲ್ಲಿ ಬಾಯಿಬಿಟ್ಟರೋ ಅದೇ ಅವರ ನಡುವಿನ ಭಾಷೆಯಾಗಿ ಉಳಿಯುತ್ತದೆ. ಇಷ್ಟು ವರ್ಷದ ಮೇಲೆ ಅದನ್ನು ಬದಲಿಸುವುದೆಂದರೆ ಗಂಡನನ್ನು ಇಂದಿನಿಂದ ಅಣ್ಣ ಎಂದು ಕರೆಯುವಷ್ಟೇ ಸುಲಭ. ನನ್ನ ಹಳ್ಳಿಯಲ್ಲಿ ಐರಿಷ್ ಬಲ್ಲ ಅಣ್ಣತಮ್ಮಂದಿರು, ಲಂಡನ್ನಿನಲ್ಲಿ ಒಮ್ಮೆ ಇಂಗ್ಲಿಷಿಗೆ ತಿರುಗಿದವರು, ಮತ್ತೆ ಹಿಂದಿರುಗಲಾರದೆ ಹಾಗೆಯೇ ಸತ್ತಿದ್ದಾರೆ.

ನಾಯಿಗೆ ಸಿಕ್ಕದ್ದು ನಿನಗೆ ಸಿಗಲಿಲ್ಲವೆಂದು ಬರೆದಿದ್ದೀಯ. ನಿನಗೆ ಸಿಕ್ಕದ್ದರ ಬಗ್ಗೆ ನಾನು ಬರೆಯುವುದಿಲ್ಲ.

ಗ್ರಾನ್ಯಾ


ಗ್ರೀನ್‌ಕಾಸಲ್
೨೦ ನವೆಂಬರ್ ೧೯೯೫

ಪ್ರಿಯ ಅಕ್ಕ,

ನೀನು ತಿದ್ದಿ ಕಳಿಸಿದ ಹಾಳೆಯಲ್ಲಿ ನನ್ನ ನೀಲಿಗಿಂತ ನಿನ್ನ ಕೆಂಪು ಹೆಚ್ಚಾಗಿತ್ತು. ಆದರೂ ಅದನ್ನು ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿಕೊಂಡಿದ್ದೇನೆ.

ನಮ್ಮ ಮೇಷ್ಟರು ಕೀರನ್ ಬೆಲ್‌ಫಾಸ್ಟಿನವನು, ಮೂವತ್ತರ ಆಸುಪಾಸು. ಬ್ರಿಟಿಷರ ವಿರುದ್ಧದ ಹೋರಾಟದಲ್ಲಿ ಸೆರೆಸಿಕ್ಕಿ, ಐರಿಷನ್ನು ಜೈಲಿನಲ್ಲಿ ಕಲಿತವನು. ಕಳೆದ ಮಂಗಳವಾರ ತರಗತಿ ನೋಡಲು ಫಾದರ್ ಮಕ್‌ಗರ್ಕ್ ಬಂದರು. ‘ಡಿಂಪ್ನಾ, ಫಾದರ್‌ಗೆ ಕುರ್ಚಿ ತೋರ್ಸಿ ಐರಿಷಲ್ಲಿ ಏನಾದ್ರೂ ಹೇಳಿ ನೋಡೋಣ, ಯೋಚನೆ ಮಾಡ್ಬೇಡಿ,’ ಎಂದ ಕೀರನ್. ನಾನು ಯೋಚನೆ ಮಾಡಲಿಲ್ಲ. ಬಾಯಿಗೆ ಬಂದದ್ದು ಬಂದಿತು: ‘ಬಿದ್ಕೋ ಅಲ್ಲಿ! ಬಾಲ ಅಲ್ಲಾಡ್ಸಿದ್ದು ಸಾಕು.’

ಕೀರನ್ ಗೋಡೆಗೆ ಒರಗಿಬಿಟ್ಟ. ಫಾದರ್ ಅವರಿಗೆ ಸ್ವಲ್ಪ ಐರಿಷ್ ಬರುತ್ತದೆ. ‘ಆಗ್ಲಮ್ಮ,’ ಎಂದರು, ‘ಬೆಳಗ್ಗೆಯಿಂದ ಎರಡು ಪೂಜೆ, ಒಂದು ಮದುವೆ. ಬಿದ್ಕೊಳ್ಳೋಕೆ ನಂಗೂ ಆಸೆ.’ ಕೊನೆಗೆ ಕೀರನ್ ಕಣ್ಣೊರೆಸಿಕೊಂಡು ಹೇಳಿದ, ‘ಇಡೀ ಕ್ಲಾಸಲ್ಲಿ ಸರಿಯಾದ ಉಚ್ಚಾರ ಇರೋದು ನಿಮಗೊಬ್ರಿಗೇ. ಈ ಧ್ವನಿ ಜೈಲಲ್ಲಿ ನಮಗ್ಯಾರಿಗೂ ಸಿಗ್ಲಿಲ್ಲ. ಮನುಷ್ಯರ ಹತ್ರ ಹೇಗೆ ಮಾತಾಡೋದು ಅನ್ನೋದಷ್ಟೇ ನೀವಿನ್ನು ಕಲೀಬೇಕು.’

ಆ ಧೈರ್ಯದಲ್ಲಿ ಮರುದಿನ ಅಮ್ಮನ ಮುಂದೆ ಬಾಯಿಬಿಟ್ಟೆ. ಅವಳು ಒಲೆಯ ಪಕ್ಕ ಆಲೂಗಡ್ಡೆ ಸುಲಿಯುತ್ತಿದ್ದಳು. ಟೀ ಬಿಸಿ ಇದೆಯೇ ಎಂದು ಐರಿಷಿನಲ್ಲಿ ಕೇಳಿದೆ. ಅಮ್ಮ ಬಾಗಿಲ ಕಡೆ ನೋಡಿದಳು, ಯಾರೋ ಬಂದರೆಂದು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು:

‘ಯಾರನ್ನೇ ಅಣಕಿಸ್ತಿದ್ದೀಯ?’

‘ಯಾರನ್ನೂ ಇಲ್ಲಮ್ಮ. ಕಲೀತಿದ್ದೀನಿ.’

‘ಯಾರ ಹತ್ರ?’

‘ಬೆಲ್‌ಫಾಸ್ಟಿನವನೊಬ್ಬ. ಜೈಲಲ್ಲಿ ಕಲಿತನಂತೆ.’

‘ಅಯ್ಯೋ ಪಾಪ,’ ಎಂದಳು ಅಮ್ಮ. ‘ಅಷ್ಟು ದೊಡ್ಡ ಶಿಕ್ಷೆ ಕೊಡೋಕೆ ಏನು ಮಾಡಿದ್ನಂತೆ?’

ಆಮೇಲೆ ಟೀ ಬಟ್ಟಲನ್ನು ನನ್ನ ಕಡೆ ತಳ್ಳಿದಳು. ‘ಬಿಸಿ ಇದೆ. ಕುಡಿ.’ ಅದೂ ಇಂಗ್ಲಿಷಿನಲ್ಲಿಯೇ.

ನಿನ್ನ ತಂಗಿ,
ಡಿಂಪ್ನಾ


ಗ್ರೀನ್‌ಕಾಸಲ್
೨೧ ಜನವರಿ ೧೯೯೬

ಪ್ರಿಯ ಅಕ್ಕ,

ಹಿಂದಿನ ಪತ್ರಕ್ಕೆ ನೀನು ಉತ್ತರಿಸಲಿಲ್ಲ, ವಾಕ್ಯಗಳನ್ನು ತಿದ್ದಿ ಕಳಿಸಿದೆ ಅಷ್ಟೇ. ಇರಲಿ. ಇಂದು ಹೇಳಲು ಒಂದು ವಿಷಯವಿದೆ.

ಅಮ್ಮನಿಗೆ ಉಪ್ಪು ಬೇಡವೆಂದು ಡಾಕ್ಟರ್ ಹೇಳಿದ್ದಾರೆ. ಹಿಂದಿನ ವಾರದ ಶನಿವಾರ ಊಟಕ್ಕೆ ಕುಳಿತಾಗ ಅವಳು ಆಲೂಗಡ್ಡೆಯ ಒಂದು ತುಂಡು ಬಾಯಿಗಿಟ್ಟು, ಫೋರ್ಕನ್ನು ಕೆಳಗಿಟ್ಟಳು. ಮೇಜಿನ ಕೆಳಗೆ ಬಗ್ಗಿ ಐರಿಷಿನಲ್ಲಿ ಹೇಳಿದಳು: ‘ಮೇಜರ್, ಅ ಹಶ್ಕೆ, ಈ ಹೆಂಗಸು ಉಪ್ಪನ್ನ ಎಲ್ಲಿ ಬಚ್ಚಿಟ್ಟಿದ್ದಾಳೋ ಸ್ವಲ್ಪ ಮೂಸಿ ನೋಡೋ.’

ಅಕ್ಕ, ಇಡೀ ವಾಕ್ಯ ನನಗೆ ತಿಳಿಯಿತು. ಅಮ್ಮನ ಕಡೆ ನೋಡದೆ ನಾನೂ ಮೇಜಿನ ಕೆಳಗೆ ಬಗ್ಗಿದೆ. ‘ಮೇಜರ್,’ ಎಂದೆ ಐರಿಷಿನಲ್ಲಿ, ‘ಡಾಕ್ಟರ್ ಬೇಡ ಅಂದಿದ್ದಾರೆ ಅಂತ ಹೇಳು.’

ಆಮೇಲೆ ಮೇಲಿನಿಂದ ಅಮ್ಮನ ಧ್ವನಿ. ‘ಮೇಜರ್, ಆ ಡಾಕ್ಟರ್ ಹುಟ್ಟೋಕ್ ಮುಂಚೆಯಿಂದ ನಾನು ಉಪ್ಪು ತಿಂತಿದ್ದೀನಿ ಅಂತ ಹೇಳು.’

‘ಮೇಜರ್, ಅದಕ್ಕೇ ಬೇಡ ಅಂದಿದ್ದು ಅನ್ನು.’

‘ಮೇಜರ್, ಇವಳು ಡಾಕ್ಟರ್ನ ಹೆಂಗಸು ಮಾಡ್ಬಿಟ್ಲು. ಮೀಸೆ ಇರೋ ಮನುಷ್ಯ ಅವನು.’

ಐರಿಷಿನಲ್ಲಿ ನಾನು ‘ಅವನು’ ಎನ್ನುವಲ್ಲಿ ‘ಅವಳು’ ಎಂದಿದ್ದೆ. ಅವಳು ತಿದ್ದಿದಳು. ನಿನ್ನ ಕೆಂಪು ಶಾಯಿಗೆ ನಾನು ಇಷ್ಟು ಸಂತೋಷಪಟ್ಟದ್ದಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಮಾತು ನಡೆಯುತ್ತಿದೆ. ಹವಾಮಾನ, ನೆರೆಯ ಪ್ಯಾಕಿ ಡೆವ್ಲಿನ್‌ನ ಟ್ರ್ಯಾಕ್ಟರ್, ನನ್ನ ಹೊಸ ಕೋಟಿನ ಬಣ್ಣ (‘ಮೇಜರ್, ಸತ್ತವರ ಮನೆಗೆ ಹಾಕ್ಕೊಂಡು ಹೋಗೋಕೆ ಚೆನ್ನಾಗಿದೆ ಅನ್ನು’), ಎಲ್ಲವೂ ಅವನ ಮೂಲಕ. ನಿಯಮ ಒಂದೇ, ಒಬ್ಬರನ್ನೊಬ್ಬರು ನೋಡಬಾರದು. ನಾನು ಮರೆತು ಕಣ್ಣೆತ್ತಿದರೆ ಅವಳು ಇಂಗ್ಲಿಷಿಗೆ ತಿರುಗುತ್ತಾಳೆ. ಆದ್ದರಿಂದ ಇಬ್ಬರೂ ಮೇಜರನ ಕಿವಿಯನ್ನು ನೋಡುತ್ತಾ ಕುಳಿತಿರುತ್ತೇವೆ. ಅವನಿಗೆ ವಯಸ್ಸಾಗಿದೆ, ಎದ್ದು ಹೋಗುವುದಿಲ್ಲ. ನಡುನಡುವೆ ನಿಟ್ಟುಸಿರು ಬಿಡುತ್ತಾನೆ.

‘ಹಶ್ಕೆ’ ಇನ್ನೂ ಅವನಿಗೇ ಮೀಸಲು. ಆದರೆ ಈಗ ಅದು ನನ್ನ ಹತ್ತಿರದಲ್ಲೇ ಎಲ್ಲೋ ಓಡಾಡುತ್ತಿದೆ.

ಡಿಂಪ್ನಾ


ಗ್ರೀನ್‌ಕಾಸಲ್
೩ ಮಾರ್ಚ್ ೧೯೯೬

ಪ್ರಿಯ ಅಕ್ಕ,

ಇದು ನಿನಗೆ ಸೇರಿದ್ದು. ಬರೆಯಬೇಕೋ ಬಾರದೋ ಎಂದು ವಾರವಿಡೀ ಯೋಚಿಸಿದೆ.

ಕಳೆದ ಭಾನುವಾರ ಅಮ್ಮ ಒಲೆಯ ಮುಂದೆ ಕುಳಿತು ಮೇಜರನ ಕೂದಲಿನಿಂದ ಮುಳ್ಳು ಬಿಡಿಸುತ್ತಿದ್ದಳು. ನಾನು ಬೆನ್ನು ತಿರುಗಿಸಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಇದ್ದಕ್ಕಿದ್ದಂತೆ ಅವಳು ನಿನ್ನ ಹೆಸರು ಹೇಳಿದಳು. ಆಮೇಲೆ ತಗ್ಗಿದ ಧ್ವನಿಯಲ್ಲಿ, ವೇಗವಾಗಿ, ಬಹಳ ಹೊತ್ತು ಮೇಜರನಿಗೆ ಏನನ್ನೋ ಹೇಳಿದಳು. ನಾನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದೆ.

ನನಗೆ ತಿಳಿಯಲಿಲ್ಲ, ಅಕ್ಕ. ಉಪ್ಪು, ಕೋಟು, ಟ್ರ್ಯಾಕ್ಟರ್ ತಿಳಿಯುತ್ತದೆ. ಇದು ತಿಳಿಯಲಿಲ್ಲ. ‘ಗಾಡಿ’ ಎಂಬುದು ಹಿಡಿಯಿತು, ‘ಮಳೆ’ ಹಿಡಿಯಿತು, ‘ಸೇತುವೆ’ ಎಂದಳೆಂದು ತೋರುತ್ತದೆ. ಒಂದು ಮಾತನ್ನು ಮಾತ್ರ ಎರಡು ಸಲ ಹೇಳಿದಳು. ಕೇಳಿಸಿದ ಹಾಗೆಯೇ ಬರೆಯುತ್ತೇನೆ: ‘ನೀ ರೋ ಬ್ರೋ… ಅರ್ಹಿ.’ ‘ಬ್ರೋ’ ಆದ ಮೇಲೆ ಒಂದು ಅಕ್ಷರವಿದೆ. ಅದನ್ನು ಅವಳು ನುಂಗಿಕೊಂಡಳು.

ಕೊನೆಗೆ ತಿರುಗಿ ನೋಡಿದಾಗ ಅವಳ ಕೈ ಮೇಜರನ ಕುತ್ತಿಗೆಯ ಮೇಲೆ ಹಾಗೆಯೇ ನಿಂತಿತ್ತು. ಏನೆಂದಳು?

ಡಿಂಪ್ನಾ


ಗ್ವೀಡೋರ್
೭ ಮಾರ್ಚ್ ೧೯೯೬

ಡಿಂಪ್ನಾ,

‘ನೀ ರೋ’ ಎಂದರೆ ‘ಇರಲಿಲ್ಲ’. ‘ಅರ್ಹಿ’ ಎಂದರೆ ‘ಅವಳ ಮೇಲೆ’. ನಮ್ಮ ಭಾಷೆಯಲ್ಲಿ ತೊಟ್ಟದ್ದೂ ಮನುಷ್ಯರ ಮೇಲಿರುತ್ತದೆ, ಪಟ್ಟದ್ದೂ ಮನುಷ್ಯರ ಮೇಲಿರುತ್ತದೆ. ಆದ್ದರಿಂದ ಎಲ್ಲವೂ ನಡುವಿನ ಪದದ ಮೇಲೆ ನಿಂತಿದೆ. ಅದು ‘ಬ್ರೋಗ್’ ಆದರೆ ಬೂಟು. ‘ಬ್ರೋನ್’ ಆದರೆ ದುಃಖ.

‘ಅವಳ ಕಾಲಲ್ಲಿ ಬೂಟು ಇರಲಿಲ್ಲ’ ಎಂದಳೇ? ‘ಅವಳಿಗೆ ದುಃಖವಿರಲಿಲ್ಲ’ ಎಂದಳೇ?

ಮೊದಲನೆಯದಾದರೆ, ಮಳೆಯಲ್ಲಿ ಗಾಡಿ ಹತ್ತಿಸಿದ ಮಗುವಿನ ಪಾದಗಳನ್ನು ಅವಳು ಇಷ್ಟು ವರ್ಷ ನೋಡುತ್ತಲೇ ಇದ್ದಾಳೆ. ಎರಡನೆಯದಾದರೆ, ಮಗು ಅಳಲಿಲ್ಲ, ಆದ್ದರಿಂದ ತಪ್ಪೇನೂ ಇಲ್ಲವೆಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದಾಳೆ. ಇವೆರಡರ ನಡುವೆ ಒಂದೇ ವ್ಯಂಜನ. ಜೀವಮಾನವಿಡೀ ಮಕ್ಕಳ ಉಚ್ಚಾರ ತಿದ್ದಿದವಳು ನಾನು. ನನಗೆ ಬೇಕಾದ ಒಂದು ಅಕ್ಷರ ನಿನ್ನ ಕಿವಿಗೆ ಬಿತ್ತು, ನಿನ್ನ ಕಿವಿಗೆ ಅದನ್ನು ಹಿಡಿಯಲಾಗಲಿಲ್ಲ.

ಇದು ನಿನ್ನ ತಪ್ಪಲ್ಲ. ನಿನ್ನ ತಪ್ಪಲ್ಲವೆಂದು ಮೂರು ಸಲ ಬರೆದು ಮೂರು ಹಾಳೆ ಹರಿದಿದ್ದೇನೆ.

ಅವಳನ್ನು ಕೇಳು.

ಗ್ರಾನ್ಯಾ


ಗ್ರೀನ್‌ಕಾಸಲ್
೨೫ ಮಾರ್ಚ್ ೧೯೯೬

ಪ್ರಿಯ ಅಕ್ಕ,

ಕೇಳಿದೆ. ವಾಕ್ಯವನ್ನು ಕೀರನ್‌ನ ಬಳಿ ಸರಿಮಾಡಿಸಿಕೊಂಡು, ಬಾಯಿಪಾಠ ಮಾಡಿ, ಮೇಜರನ ಪಕ್ಕ ಕುಳಿತು ಕೇಳಿದೆ: ‘ಮೇಜರ್, ಗ್ರಾನ್ಯಾನ ಕಳಿಸಿದ ದಿನದ ಮಾತು ಇನ್ನೊಂದ್ಸಲ ಹೇಳು ಅಂತ ಹೇಳು.’

ಅಮ್ಮ ಅವನ ಕೂದಲು ಬಾಚುತ್ತಿದ್ದ ಬ್ರಶ್ಶನ್ನು ಕೆಳಗಿಟ್ಟಳು. ಮೇಜರನನ್ನಲ್ಲ, ನೇರವಾಗಿ ನನ್ನನ್ನು ನೋಡಿದಳು. ‘ಒಲೆ ಆರ್ತಿದೆ, ಎದ್ದು ನೋಡು,’ ಎಂದಳು. ಇಂಗ್ಲಿಷಿನಲ್ಲಿ.

ಅಂದಿನಿಂದ ನಾನಿರುವಾಗ ಮೇಜರನಿಗೆ ಸಿಗುತ್ತಿರುವುದು ‘ಬಾ’, ‘ಹೋಗು’, ‘ತಿನ್ನು’ ಇಷ್ಟೇ. ಇಷ್ಟು ದಿನ ನಾನು ಕೇಳಿಸಿಕೊಳ್ಳುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು, ಗೊತ್ತಿಲ್ಲದಂತೆ ಇರಲು ನಾನು ಬಿಟ್ಟಿದ್ದೆ. ಆ ಮರೆಯನ್ನು ನಾನೇ ಕಿತ್ತೆ.

ನೀನೇ ಬಾ. ನಿನ್ನೊಡನೆ ಅವಳಿಗೆ ನಾಯಿ ಬೇಕಾಗಿಲ್ಲ.

ಡಿಂಪ್ನಾ


ಗ್ವೀಡೋರ್
೧೫ ಏಪ್ರಿಲ್ ೧೯೯೬

ಡಿಂಪ್ನಾ,

ಈಸ್ಟರ್ ಸೋಮವಾರದ ಊಟಕ್ಕೆ, ಹಾಸಿಗೆಗೆ, ಎಲ್ಲಕ್ಕೂ ಕೃತಜ್ಞತೆ. ಬಂದದ್ದರಿಂದ ಏನಾಯಿತೆಂದು ನೀನು ಬಾಯಿಬಿಟ್ಟು ಕೇಳಲಿಲ್ಲ. ಬರೆಯುವುದು ನನ್ನ ಕರ್ತವ್ಯ.

ನೀನು ಇದ್ದಷ್ಟು ಹೊತ್ತು ಮೂವರೂ ಇಂಗ್ಲಿಷ್ ಆಡಿದೆವು. ಭಾಷೆ ಬಾರದವರೊಬ್ಬರು ಕೋಣೆಯಲ್ಲಿದ್ದರೆ ಅವರ ಮುಂದೆ ಐರಿಷ್ ಆಡುವುದು ಅಸಭ್ಯತನವೆಂದು ಅಮ್ಮನಿಗೂ ನನಗೂ ಹೇಳಿಕೊಟ್ಟವಳು ಒಬ್ಬಳೇ, ನಮ್ಮ ಅಜ್ಜಿ. ನಿನಗೆ ಈಗ ಬರುತ್ತದೆಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅಮ್ಮ ನಂಬುತ್ತಿರಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದನ್ನು ನಾನು ಬರೆಯುವುದಿಲ್ಲ.

ನೀನು ಒಲೆಗೆ ಉರಿಸುವ ಪೀಟ್ ಮಣ್ಣಿನ ಹೆಂಟೆ ತರುವ ನೆಪದಲ್ಲಿ ಹೊರಗೆ ಹೋದೆ. ಬುಟ್ಟಿ ತುಂಬಿಯೇ ಇತ್ತು, ನಾನು ನೋಡಿದೆ. ನೀನು ಬಾಗಿಲು ಮುಚ್ಚಿದ ಮೇಲೆ ಅಮ್ಮ ಐರಿಷಿಗೆ ತಿರುಗಿದಳು. ನನ್ನ ಕಾಲು ನೋಡಿ ಹೇಳಿದಳು:

‘ಒಳ್ಳೇ ಬೂಟು ಹಾಕಿದ್ದೀಯ.’

‘ಲೆಟರ್‌ಕೆನೀಲಿ ತಗೊಂಡೆ.’

‘ಚರ್ಮದ್ದಾ?’

‘ಚರ್ಮದ್ದು.’

‘ನೀರು ಒಳಗೆ ಬರಲ್ಲ ತಾನೆ?’

‘ಬರಲ್ಲ.’

‘ಒಳ್ಳೇದಾಯ್ತು,’ ಎಂದಳು. ಅಷ್ಟರಲ್ಲಿ ನೀನು ಬುಟ್ಟಿಯೊಡನೆ ಒಳಗೆ ಬಂದೆ, ಅವಳು ಹವಾಮಾನದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಿದಳು.

ಇದರಿಂದ ಏನೂ ಸಿದ್ಧವಾಗುವುದಿಲ್ಲ. ಮುದುಕಿಯರು ಎಲ್ಲರ ಬೂಟುಗಳನ್ನೂ ನೋಡುತ್ತಾರೆ. ವ್ಯಾಕರಣದ ದೃಷ್ಟಿಯಿಂದ ಅದು ಬೇರೆಯೇ ವಾಕ್ಯ. ಓಮಾದಿಂದ ಮನೆಯವರೆಗೆ ಬಸ್ಸಿನಲ್ಲಿ ಆ ಬೂಟು ಕಚ್ಚುತ್ತಲೇ ಇತ್ತು.

ಮತ್ತೆ ಬರುವಂತೆ ನನ್ನನ್ನು ಕೇಳಬೇಡ.

ಗ್ರಾನ್ಯಾ


ಗ್ರೀನ್‌ಕಾಸಲ್
೨ ಜೂನ್ ೧೯೯೬

ಪ್ರಿಯ ಅಕ್ಕ,

ಮೇಜರ್ ಹೋದ. ಗುರುವಾರ ಅಂಗಳದಲ್ಲಿ ಬಿಸಿಲಿಗೆ ಮಲಗಿದವನು ಏಳಲಿಲ್ಲ. ಪ್ಯಾಕಿ ಡೆವ್ಲಿನ್ ಬಂದು ಬೇಲಿಯ ಪಕ್ಕ ಗುಂಡಿ ತೋಡಿಕೊಟ್ಟ. ಅಮ್ಮ ತನ್ನ ಹಳೆಯ ಸ್ವೆಟರನ್ನು ಅವನಿಗೆ ಹೊದಿಸಿದಳು. ಮಣ್ಣು ಹಾಕುವ ಮೊದಲು ಬಗ್ಗಿ ಏನಾದರೂ ಹೇಳುತ್ತಾಳೆಂದು ನಾನು ಹತ್ತಿರ ನಿಂತೆ. ಹೇಳಲಿಲ್ಲ. ನಾನು ಹತ್ತಿರವಿದ್ದದ್ದರಿಂದಲೋ ಏನೋ. ಆಮೇಲೆ ದೂರ ಹೋದೆ. ಆಗಲೂ ಹೇಳಲಿಲ್ಲ.

ನಾಲ್ಕು ದಿನದಿಂದ ನಮ್ಮ ಮನೆಯಲ್ಲಿ ಐರಿಷಿನ ಒಂದು ಪದವೂ ಇಲ್ಲ. ನಾನು ಹುಟ್ಟಿದ ಮೇಲೆ ಹೀಗೆ ಆದದ್ದು ಇದೇ ಮೊದಲು.

ಡಿಂಪ್ನಾ


ಗ್ವೀಡೋರ್
೬ ಜೂನ್ ೧೯೯೬

ಡಿಂಪ್ನಾ,

ಒಂದು ಮರಿ ತಾ. ಬೆಳೆದ ನಾಯಿ ಬೇಡ, ಮರಿಯೇ ಬೇಕು. ಮರಿಗೆ ಅವಳು ಎಲ್ಲವನ್ನೂ ಮೊದಲಿನಿಂದ ಹೇಳಿಕೊಡಬೇಕಾಗುತ್ತದೆ: ಬಾ, ಕೂತುಕೋ, ಬಿಡು, ಇದು ನಿನ್ನದು, ಅದು ನಿನ್ನದಲ್ಲ. ನಿನಗೆ ಯಾರೂ ಹೇಳಿಕೊಡದ ಕ್ರಮದಲ್ಲಿ. ಅದರ ಪಕ್ಕ ಕುಳಿತು ನೀನೂ ಕಲಿ. ಏನನ್ನೂ ಕೇಳಬೇಡ. ನನ್ನ ವಿಷಯ ಎತ್ತಲೇಬೇಡ. ಯಾವ ತರಗತಿಯೂ, ನನ್ನ ತಿದ್ದುಪಡಿಯೂ ಇದಕ್ಕೆ ಸಮನಾಗಲಾರದು.

ಮೇಜರನ ಬಗ್ಗೆ ಓದಿ ಬೇಸರವಾಯಿತು. ಊಟದ ಹೊತ್ತಿನಲ್ಲಿ ಅವನು ನನ್ನ ಕಾಲಿನ ಮೇಲೆ ತಲೆಯಿಟ್ಟು ಮಲಗಿದ್ದ.

ನಿನ್ನ ಅಕ್ಕ,
ಗ್ರಾನ್ಯಾ


ಗ್ರೀನ್‌ಕಾಸಲ್
೧೮ ಆಗಸ್ಟ್ ೧೯೯೬

ಪ್ರಿಯ ಅಕ್ಕ,

ನೀನು ಹೇಳಿದಂತೆಯೇ ಮಾಡಿದೆ. ಪ್ಯಾಕಿಯ ಸೋದರಿಯ ಮನೆಯಲ್ಲಿ ಹುಟ್ಟಿದ್ದು, ಕಪ್ಪು ಮರಿ, ಎದೆಯ ಮೇಲೆ ಮಾತ್ರ ಬಿಳುಪು. ಅಮ್ಮನ ಮಡಿಲಿಗೆ ಹಾಕಿ, ಎಂದಿನ ನಿಯಮದಂತೆ ನೆಲದ ಮೇಲೆ ಕುಳಿತು ಒಲೆಯ ಕಡೆ ಮುಖ ಮಾಡಿದೆ. ಅಮ್ಮ ಅದನ್ನು ಎತ್ತಿ, ಮೂಸಿ, ಕಿವಿ ಹಿಂಡಿ ನೋಡಿದ್ದು ಓರೆಗಣ್ಣಿಗೆ ಕಂಡಿತು.

‘ಬಾರೋ,’ ಎಂದಳು. ‘ಯಾವ ಮನೆಯವನೋ ನೀನು?’

ಇಂಗ್ಲಿಷಿನಲ್ಲಿ, ಅಕ್ಕ.

ನಾನಿರುವುದರಿಂದ ಹೀಗೆಂದುಕೊಂಡು ಎದ್ದು ಹಿಂದಿನ ಕೋಣೆಗೆ ಹೋದೆ. ಬಾಗಿಲ ಹಿಂದೆ ನಿಂತು ಕೇಳಿದೆ. ಇಂಗ್ಲಿಷೇ. ಮರುದಿನವೂ ಇಂಗ್ಲಿಷೇ. ಬೇಲಿಯ ಆಚೆ ಒಬ್ಬಳೇ ಅದರೊಡನೆ ನಡೆಯುವಾಗಲೂ ಅದೇ. ನನ್ನೊಡನೆ ಆಡುವ ಆ ಎಚ್ಚರದ ಇಂಗ್ಲಿಷ್. ಜುಲೈ ಪೂರ್ತಿ ಕಾದೆ. ಕೊನೆಗೆ, ಕೇಳಬೇಡವೆಂದು ನೀನು ಬರೆದಿದ್ದರೂ, ನಿನ್ನೆ ಅವಳ ಎದುರಿಗೆ ಕುಳಿತು, ಅವಳ ಮುಖ ನೋಡಿಯೇ ಕೇಳಿದೆ.

‘ಅಮ್ಮ, ಇದರ ಹತ್ರ ಯಾಕೆ ನಿನ್ನ ಭಾಷೆ ಆಡಲ್ಲ?’

ಅಮ್ಮ ಮರಿಯ ಕಡೆ ನೋಡಿದಳು. ಅದು ಅವಳ ಚಪ್ಪಲಿ ಕಚ್ಚುತ್ತಿತ್ತು.

‘ನಂಗೆಷ್ಟು ವಯಸ್ಸಾಯ್ತು ಹೇಳು. ನಾಯಿ ಹದಿನೈದು ವರ್ಷ ಬದುಕುತ್ತೆ. ನಾನು ಹೋದ್ಮೇಲೆ ಇದನ್ನ ಯಾರು ಕರೀತಾರೆ, ಯಾವ ಮಾತಲ್ಲಿ ಕರೀತಾರೆ?’

‘ನಾನಿರ್ತೀನಲ್ಲಮ್ಮ.’ ಇದನ್ನು ಐರಿಷಿನಲ್ಲಿ ಹೇಳಿದೆ. ತಪ್ಪಿರಲಿಲ್ಲ, ಅದು ನನಗೆ ಗೊತ್ತು.

ಅವಳು ಪೂರ್ತಿ ಕೇಳಿಸಿಕೊಂಡಳು. ಮೊದಲ ಸಲ ನನ್ನ ಐರಿಷಿಗೆ ಬಾಗಿಲ ಕಡೆ ನೋಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು. ಅವಳ ಇಂಗ್ಲಿಷ್ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ.

‘ನನ್ನನ್ನ ಸ್ಟ್ರಬೇನಿನ ಆಳಿನ ಸಂತೆಯಲ್ಲಿ, ಕೂಲಿಗೆ ಆಳು ಹುಡುಕೋ ರೈತರ ಮುಂದೆ ನಿಲ್ಲಿಸಿದಾಗ ನಂಗೆ ಹನ್ನೆರಡು ವಯಸ್ಸು ಕಣೇ. ಒಬ್ಬ ರೈತ ಕರ್ಕೊಂಡು ಹೋದ. ಅವನು ಇಂಗ್ಲಿಷಲ್ಲಿ ಬಾ ಅಂದ್ನೋ, ನಿಲ್ಲು ಅಂದ್ನೋ, ನಂಗೆ ಗೊತ್ತಾಗ್ತಿರ್ಲಿಲ್ಲ. ನಿಲ್ಲು ಅಂದಾಗ ಬಂದೆ, ಬಾ ಅಂದಾಗ ನಿಂತೆ. ಎರಡಕ್ಕೂ ಏಟು. ಅಂಗಳದ ನಡುವೆ ನಿಂತ್ಕೊಂಡು ಅವನ ಬಾಯಿ ನೋಡ್ತಿದ್ದೆ, ಈ ಸಲ ಯಾವ್ದೋ ಅಂತ.’ ಮರಿಯನ್ನು ಕಾಲಿನಿಂದ ಮೆಲ್ಲಗೆ ಸರಿಸಿದಳು. ‘ಅಜ್ಜಿ ಹತ್ರ ಇದ್ದೋಳಿಗೆ ಆ ಭಯ ಇರ್ಲಿಲ್ಲ, ಅಲ್ಲಿ ಊರೆಲ್ಲಾ ಒಂದೇ ಮಾತು. ನೀನು ಇಲ್ಲಿ ಹುಟ್ಟಿದೆ. ನಿನ್ನನ್ನ ನನ್ನ ಕೈಗೆ ಕೊಟ್ಟ ದಿನವೇ ಅಂದ್ಕೊಂಡೆ, ಇದು ಯಾರ ಅಂಗಳದಲ್ಲೂ ಹಾಗೆ ನಿಲ್ಲಬಾರದು ಅಂತ. ಎಷ್ಟೋ ಸಲ ನಾಲಿಗೆ ತುದಿಗೆ ಬಂದದ್ದನ್ನ ಕಚ್ಚಿ ಹಿಡಿದಿದ್ದೀನಿ. ನೀನು ತೊಟ್ಟಿಲಲ್ಲಿದ್ದಾಗ ಬಾಯಿ ಮುಚ್ಕೊಂಡು ತೂಗಿದ್ದೀನಿ.’

ಅಕ್ಕ, ಹುಟ್ಟಿದಂದಿನಿಂದ ಅವಳು ನನ್ನೊಡನೆ ಒಟ್ಟಿಗೆ ಇಷ್ಟು ಮಾತಾಡಿದ್ದಿಲ್ಲ. ಅಷ್ಟನ್ನೂ ಇಂಗ್ಲಿಷಿನಲ್ಲಿ.

ಆಮೇಲೆ ಕೇಳಿದಳು, ‘ಯಾರಾದ್ರೂ ನಿನ್ನನ್ನ ಹಾಗೆ ನಿಲ್ಲಿಸಿದ್ರಾ?’

ನನ್ನಲ್ಲಿ ಉತ್ತರವಿತ್ತು. ಅವಳ ಭಾಷೆಯಲ್ಲಿ, ಸರಿಯಾದ ಕ್ರಿಯಾಪದದೊಡನೆ, ನೀನೂ ಕೆಂಪು ಶಾಯಿ ಹಚ್ಚಲಾಗದ ಉತ್ತರ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಯಾವ ಭಾಷೆಯಲ್ಲಿ ಬರುತ್ತದೋ ಎಂದು.

‘ಇಲ್ಲಮ್ಮ,’ ಎಂದೆ ಇಂಗ್ಲಿಷಿನಲ್ಲಿ. ‘ಯಾರೂ ನಿಲ್ಲಿಸ್ಲಿಲ್ಲ.’

ಅಮ್ಮ ತಲೆಯಾಡಿಸಿದಳು. ಹೆಗಲ ಮೇಲಿನ ಭಾರ ಇಳಿಸಿದವಳಂತೆ ಕುರ್ಚಿಗೆ ಒರಗಿದಳು.

ಮರಿ ಜಾಣ. ಬಾ ಎಂದರೆ ಬರುತ್ತದೆ, ನಿಲ್ಲು ಎಂದರೆ ನಿಲ್ಲುತ್ತದೆ. ಒಮ್ಮೆಯೂ ತಪ್ಪಿಲ್ಲ.

ನಿನ್ನ ತಂಗಿ,
ಡಿಂಪ್ನಾ